ರೀಲಪ್ಪನ ಮೂವತ್ತೊಂಬತ್ತನೇ ಫೋಟೋ

ಅವನಿಗೆ ರೀಲಪ್ಪ ಅಂತ ಹೆಸರಿಟ್ಟವರು ಯಾರೆಂದು ಕೇಳಿದರೆ ಬಸ್ ನಿಲ್ದಾಣದ ಹಿಂದಿನ ಬೀದಿಯವರೆಲ್ಲ ತಾವೇ ಎನ್ನುತ್ತಾರೆ. ಹೆಸರಿಗೆ ಕಾರಣ ಮಾತ್ರ ಎರಡು. ಊರಿಗೆ ಊರೇ ರೀಲಿನ ಕ್ಯಾಮೆರಾವನ್ನು ಕೈಬಿಟ್ಟು ಎಷ್ಟೋ ವರ್ಷವಾದ ಮೇಲೂ ಅವನೊಬ್ಬ ಅದನ್ನು ಬಿಟ್ಟಿರಲಿಲ್ಲ ಅನ್ನುವುದು ಒಂದು. ಅವನು ಬಹಳ ಚೆನ್ನಾಗಿ ರೀಲು ಬಿಡುತ್ತಿದ್ದ ಅನ್ನುವುದು ಇನ್ನೊಂದು. ಗುಡ್ಡದ ಮೇಲೆ ಕಂಡ ಮೋಡದ ಕತೆ ಹೇಳಲು ಕೂತನೆಂದರೆ, ಶುರುವಿನಲ್ಲಿ ಮನೆಯಷ್ಟಿದ್ದ ಮೋಡ ಟೀ ಲೋಟ ಖಾಲಿಯಾಗುವ ಹೊತ್ತಿಗೆ ಊರಷ್ಟಾಗಿರುತ್ತಿತ್ತು. ಕೇಳುವವರಿಗೂ ಅದು ಗೊತ್ತು, ಅವನಿಗೂ ಗೊತ್ತು, ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಹೊಟ್ಟೆಪಾಡಿಗೆ ಒಂದೂವರೆ ಕೋಣೆಯ ಸ್ಟುಡಿಯೋ ಇತ್ತು. ಒಂದು ಕೋಣೆಯಲ್ಲಿ ನೀಲಿ ಪರದೆ, ಒಂದು ಸ್ಟೂಲು, ಬಾಚಣಿಗೆ ಕಟ್ಟಿದ ದಾರ. ಉಳಿದರ್ಧದಲ್ಲಿ ಕಂಪ್ಯೂಟರು. ಅರ್ಜಿಗೆ ಅಂಟಿಸುವ ಫೋಟೋಗಳನ್ನು ಅವನೂ ಡಿಜಿಟಲ್ ಕ್ಯಾಮೆರಾದಲ್ಲೇ ತೆಗೆಯುತ್ತಿದ್ದ, ಅದರಲ್ಲೇನೂ ಮುಚ್ಚುಮರೆಯಿಲ್ಲ. ಆದರೆ ಆ ಕ್ಯಾಮೆರಾವನ್ನು ಅವನು ಸಂಬಳದ ಆಳಿನಂತೆ ನಡೆಸಿಕೊಳ್ಳುತ್ತಿದ್ದ. ಶನಿವಾರ ಸಂಜೆ ಡ್ರಾಯರಿಗೆ ನೂಕಿದರೆ ಮತ್ತೆ ಅದರ ಮುಖ ನೋಡುವುದು ಸೋಮವಾರವೇ. ಭಾನುವಾರ ಬೆಳಗಿನ ಜಾವ ಅವನ ಹೆಗಲ ಮೇಲೆ ಇರುತ್ತಿದ್ದುದು ಹಳೆಯ ರೀಲಿನ ಕ್ಯಾಮೆರಾ ಮತ್ತು ಮೂರು ಕಾಲಿನ ಸ್ಟ್ಯಾಂಡು. ಊರಾಚೆ ಕೆರೆ, ಕೆರೆಯಾಚೆ ಗುಡ್ಡ, ಈಚೆ ದಡದಲ್ಲೊಂದು ಬಂಡೆ. ಆ ಬಂಡೆಯ ಮೇಲೆ ನಿಂತು ಅದೇ ಗುಡ್ಡವನ್ನು ಮೂವತ್ತೈದು ವರ್ಷದಿಂದ ಕಪ್ಪು-ಬಿಳುಪಿನಲ್ಲಿ ತೆಗೆಯುತ್ತಲೇ ಬಂದಿದ್ದಾನೆ. ಒಂದು ಭಾನುವಾರಕ್ಕೆ ಮೂರು, ಬಹಳವೆಂದರೆ ನಾಲ್ಕು ಫೋಟೋ. ಬೆಳಕು ಸರಿಬೀಳದಿದ್ದರೆ ಒಂದೂ ಇಲ್ಲ, ಸುಮ್ಮನೆ ಇಳಿದು ಬರುವುದು.

ರೀಲು ತೊಳೆಯುವುದು ಮನೆಯ ಬಚ್ಚಲಿನಲ್ಲಿ. ಭಾನುವಾರ ಮಧ್ಯಾಹ್ನ ಹನ್ನೆರಡರ ಮೇಲೆ ಆ ಮನೆಯಲ್ಲಿ ಯಾರೂ ಸ್ನಾನ ಮಾಡುವಂತಿಲ್ಲ. ಹೆಂಡತಿ ಮೊದಮೊದಲು ಜಗಳವಾಡಿದಳು, ಆಮೇಲೆ ಶನಿವಾರವೇ ತಲೆಗೆ ನೀರು ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಂಡಳು. ಇಷ್ಟೆಲ್ಲ ಮಾಡಿ ತೆಗೆದ ಫೋಟೋಗಳಲ್ಲಿ ಐದನ್ನು ಅವನು ಸ್ಟುಡಿಯೋದ ಗೋಡೆಗೆ ಹಾಕಿದ್ದ. ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡುತ್ತಲೇ ಇರಲಿಲ್ಲ. ನೋಡಿದ ಒಬ್ಬ ಪುಣ್ಯಾತ್ಮ, "ಇದು ಯಾವ ವರ್ಷದ ಕ್ಯಾಲೆಂಡರು?" ಅಂತ ಕೇಳಿದ್ದ. ಅವನ ಅರ್ಜಿಯ ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿರುವುದು ಬರೀ ಆಕಸ್ಮಿಕ ಅಂತ ರೀಲಪ್ಪ ಇವತ್ತಿಗೂ ಹೇಳುತ್ತಾನೆ.

ಹೀಗಿರುವಾಗ ಮಗಳ ಮದುವೆಯಾಯಿತು, ಬೀಗರು ಬಂದರು. ಬೀಗರಿಗೆ ಮೊದಲಿಂದಲೂ ಬಹುವಚನವೇ. ಏಕವಚನಕ್ಕೆ ಇಳಿಸಿದರೆ ಬಾಗಿಲಿಗೆ ಹಾಕುವ ಬೀಗವಾಗಿಬಿಡುತ್ತದೆ. ಇವರು ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಕೂತು, ಸೂರ್ಯ ಹುಟ್ಟುವುದನ್ನು ಒಮ್ಮೆಯೂ ನೋಡದೆ ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಒಂದು ಡಿಜಿಟಲ್ ಕ್ಯಾಮೆರಾ ಕೊಂಡರು. ಅದರ ಚೀಲದಲ್ಲಿ ಎಷ್ಟು ಖಾನೆಗಳಿದ್ದವೆಂದರೆ ಬೀಗರು ಫೋಟೋ ತೆಗೆಯುವುದಕ್ಕಿಂತ ಹೆಚ್ಚು ಹೊತ್ತು ಜಿಪ್ಪು ಎಳೆಯುತ್ತಿದ್ದರು. ಒಂದು ಮರ ಕಂಡರೆ ಅದಕ್ಕೆ ಎಂಬತ್ತು ಫೋಟೋ. ಮನೆಗೆ ಬಂದು ಟಿವಿಗೆ ತಂತಿ ಸಿಕ್ಕಿಸಿ ಎಂಬತ್ತನ್ನೂ ತೋರಿಸುವರು.

"ಬೀಗರೇ, ಇದ್ರಲ್ಲಿ ಯಾವುದು ಚೆನ್ನಾಗಿದೆ ಹೇಳಿ" ಎಂದು ಒಮ್ಮೆ ಕೇಳಿದ್ದರು.

"ಮರ ಚೆನ್ನಾಗಿದೆ ಬೀಗರೇ" ಎಂದಿದ್ದ ರೀಲಪ್ಪ.

ಮೇಲೆ ಮೇಲೆ ಬೆಣ್ಣೆ, ಒಳಗೊಳಗೆ ಮೆಣಸಿನಕಾಯಿ. ಜಗಳವಾಡೋಣವೆಂದರೆ ನೆಂಟಸ್ತನ ಅಡ್ಡ. ಹಾಗಾಗಿ ಇಬ್ಬರೂ ಪರಸ್ಪರ ಎಷ್ಟು ಮರ್ಯಾದೆ ಕೊಡುತ್ತಿದ್ದರೆಂದರೆ, ಒಂದೇ ಬಾಗಿಲಲ್ಲಿ "ನೀವು ಮೊದಲು, ನೀವು ಮೊದಲು" ಎನ್ನುತ್ತ ನಿಂತು ಹಿಂದೆ ಬರುವವರಿಗೆ ದಾರಿಯೇ ಇಲ್ಲದಂತೆ ಮಾಡುತ್ತಿದ್ದರು.

ಮಗಳು ಶಾಲೆಯಲ್ಲಿ ಲೆಕ್ಕದ ಟೀಚರ್. ಅವಳೂ ಅಳಿಯನೂ ಹೊಸ ಮನೆಗೆ ಬಂದು ಹದಿನೈದು ದಿನವಾಗಿತ್ತು. ಮುಂಬಾಗಿಲು ತೆಗೆದರೆ ಎದುರಿಗೇ ಒಂದು ದೊಡ್ಡ ಬಿಳಿ ಗೋಡೆ. ಒಂದು ಸಂಜೆ ಅವಳು ಇಬ್ಬರು ಅಪ್ಪಂದಿರನ್ನೂ ಅದರ ಮುಂದೆ ನಿಲ್ಲಿಸಿ ಷರತ್ತು ಹೇಳಿದಳು.

"ಇಲ್ಲಿ ಒಂದೇ ಫೋಟೋ. ಎರಡು ಹಾಕಿದ್ರೆ ಇದು ಮನೆ ಆಗಲ್ಲ, ಸ್ಟುಡಿಯೋ ಆಗುತ್ತೆ. ಭಾನುವಾರ ಇಬ್ರೂ ಒಟ್ಟಿಗೆ ಹೋಗಿ, ಒಂದೇ ಗುಡ್ಡ, ಒಂದೇ ಬೆಳಗ್ಗೆ. ಒಬ್ಬೊಬ್ರು ಒಂದೊಂದು ತಗೊಂಡು ಬನ್ನಿ. ನಂಗೆ ಯಾವುದು ಹಿಡಿಸುತ್ತೋ ಅದು. ಆಮೇಲೆ ಯಾರೂ ಮುಖ ಊದಿಸ್ಕೊಳ್ಬಾರ್ದು."

"ಛೇ ಛೇ, ಬೀಗರದ್ದೇ ಹಾಕಮ್ಮ" ಎಂದ ರೀಲಪ್ಪ.

"ಎಲ್ಲಾದ್ರೂ ಉಂಟಾ? ಬೀಗರ ಅನುಭವದ ಮುಂದೆ ನಮ್ಮದೇನು" ಎಂದರು ಬೀಗರು. ಇಬ್ಬರ ಕಣ್ಣೂ ಗೋಡೆಯ ಅಳತೆ ತೆಗೆಯುತ್ತಿತ್ತು.

ರೀಲಪ್ಪನಿಗೆ ಆ ಗೋಡೆ ಬೇಕೇ ಬೇಕಾಗಿತ್ತು. ಬೀಗರ ಮುಂದೆ ಗೆಲ್ಲುವ ಆಸೆ ಇದ್ದದ್ದು ನಿಜ, ಆದರೆ ಅದು ಮೇಲಿನ ಮಾತು. ಮೂವತ್ತೈದು ವರ್ಷದ ಭಾನುವಾರಗಳನ್ನೆಲ್ಲ ಅವನು ಆ ಗುಡ್ಡಕ್ಕೆ ಸುರಿದಿದ್ದ. ಮಗಳನ್ನು ಆಟಕ್ಕೆ ಕರೆದೊಯ್ಯಬೇಕಾಗಿದ್ದ ಭಾನುವಾರಗಳೂ, ಸೈಕಲ್ ಕಲಿಸಬೇಕಾಗಿದ್ದ ಭಾನುವಾರಗಳೂ ಅದರಲ್ಲೇ ಸೇರಿಹೋಗಿದ್ದವು. ಸೈಕಲ್ ಅವಳಿಗೆ ಪಕ್ಕದ ಮನೆಯವರು ಕಲಿಸಿದರು. ಅವಳು ಯಾವತ್ತೂ ಆ ಬಗ್ಗೆ ತುಟಿ ಬಿಚ್ಚಿದವಳಲ್ಲ, ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಅವಳ ಮನೆಯ ಗೋಡೆಯ ಮೇಲೆ ಅವನ ಗುಡ್ಡ ಬಂದರೆ, ಹೋಗಲಿ ಬಿಡಪ್ಪ ಅಂತ ಅವಳು ಹೇಳಿದ ಹಾಗೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದ.

ಭಾನುವಾರ ಇಬ್ಬರೂ ಮೊದಲ ಬಸ್ಸಿಗೆ ಹೋದರು. ಬಂಡೆ ಹತ್ತುವಾಗ ಬೀಗರು ನಾಲ್ಕು ಸಲ ನಿಂತರು, ನಾಲ್ಕೂ ಸಲ ಫೋಟೋ ತೆಗೆಯುವ ನೆಪ ಹೇಳಿದರು. ಮೇಲೆ ತಲುಪಿದ ಮೇಲೆ ರೀಲಪ್ಪ ಕ್ಯಾಮೆರಾದ ಬೆನ್ನು ತೆರೆದು ಹೊಸ ರೀಲು ಹಾಕಲು ಕೂತ. ಬೀಗರು ಬಗ್ಗಿ ನೋಡತೊಡಗಿದರು.

"ಆ ಚೂಪಾಗಿರೋದು ಏನು ಬೀಗರೇ?"

"ರೀಲಿನ ನಾಲಿಗೆ. ಇದನ್ನ ಈ ಸೀಳಲ್ಲಿ ಸಿಕ್ಕಿಸ್ಬೇಕು, ತೂತುಗಳು ಈ ಹಲ್ಲಿಗೆ ಕೂರ್ಬೇಕು."

"ಕಷ್ಟ ಅಲ್ವಾ?"

"ಕಷ್ಟ ಏನು ಬಂತು? ನಾನು ಕಣ್ಣು ಮುಚ್ಕೊಂಡು ಹಾಕ್ತೀನಿ" ಎಂದ ರೀಲಪ್ಪ, ಅಷ್ಟಕ್ಕೇ ಬಿಡದೆ ನಿಜವಾಗಿಯೂ ಮುಖವನ್ನು ಗುಡ್ಡದ ಕಡೆ ತಿರುಗಿಸಿ, ಬರೀ ಬೆರಳಲ್ಲಿ ತಡವಿ ನಾಲಿಗೆ ಸಿಕ್ಕಿಸಿ, ಪಟ್ ಅಂತ ಮುಚ್ಚಿದ. ಬೀಗರು ಭೇಷ್ ಎಂದರು.

ಗುಡ್ಡದ ನೆತ್ತಿಯ ಮೇಲೆ ಆರು ವರ್ಷದಿಂದ ಒಂದು ಮೊಬೈಲ್ ಟವರ್ ನಿಂತಿದೆ. ಬೀಗರಿಗೆ ಅದರ ಮೇಲೆ ಕೆಟ್ಟ ಕೋಪ. "ಎಷ್ಟು ಚೆಂದದ ಗುಡ್ಡಕ್ಕೆ ಮೊಳೆ ಹೊಡೆದು ಬಿಟ್ಟಿದ್ದಾರೆ ನೋಡಿ. ಇರ್ಲಿ, ಮನೆಗೆ ಹೋಗಿ ಕಂಪ್ಯೂಟರಲ್ಲಿ ಅಳಿಸಿಬಿಡ್ತೀನಿ."

ರೀಲಪ್ಪನಿಗೆ ಇಂಥದ್ದೇ ಬೇಕಾಗಿತ್ತು. ಸ್ಟ್ಯಾಂಡಿನ ಕಾಲು ಬಿಗಿ ಮಾಡುತ್ತ ಒಂದು ಪಾಠವನ್ನೇ ಒಪ್ಪಿಸಿದ. "ಅದೇ ನೋಡಿ ನಿಮ್ಮ ಕ್ಯಾಮೆರಾಗೂ ನಮ್ಮದಕ್ಕೂ ಇರೋ ವ್ಯತ್ಯಾಸ. ರೀಲಿಗೆ ಸುಳ್ಳು ಹೇಳೋಕೆ ಬರಲ್ಲ. ಏನಿದೆಯೋ ಅದು. ಟವರ್ ಇದ್ರೆ ಟವರ್. ಅಳಿಸೋದು, ಸೇರಿಸೋದು, ಅದೆಲ್ಲ ನಮ್ಮಲ್ಲಿಲ್ಲ."

ಬೀಗರು ನಾಚಿಕೆಯಿಂದ ತಲೆಯಾಡಿಸಿದರು. ಆಮೇಲೆ ತಮ್ಮ ಕೆಲಸ ಶುರುಮಾಡಿದರು. ಕೆರೆಗೆ ನೂರು, ಕೊಕ್ಕರೆಗೆ ನೂರು, ಇನ್ನೂ ಬೆಳಕೇ ಬೀಳದ ಗುಡ್ಡಕ್ಕೆ ಇನ್ನೂರು. ತೆಗೆದದ್ದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುವುದು, ರೀಲಪ್ಪನಿಗೂ ತೋರಿಸುವುದು. ಏಳಕ್ಕೆ ಐದು ನಿಮಿಷವಿರುವಾಗ ಕ್ಯಾಮೆರಾ ಕೈ ಕೊಟ್ಟಿತು. ಬ್ಯಾಟರಿ ಖಾಲಿ. ಇನ್ನೊಂದು ಬ್ಯಾಟರಿ ಇತ್ತು, ಮನೆಯ ಚಾರ್ಜರಿನಲ್ಲಿ. ಬೀಗರು ಚೀಲದ ಹದಿನಾಲ್ಕು ಜಿಪ್ಪುಗಳನ್ನೂ ಎಳೆದು ನೋಡಿ, ಬಂಡೆಯ ಮೇಲೆ ಕುಕ್ಕರಿಸಿದರು.

ಬೆಳಕು ಬಂದದ್ದು ಆಗ. ರಾತ್ರಿಯಿಡೀ ಮಳೆ ಹಿಡಿದುಕೊಂಡಿದ್ದ ಮೋಡ ಪೂರ್ವದಲ್ಲಿ ಒಂದು ಗೇಣು ಎದ್ದಿತು. ಆ ಸಂದಿಯಿಂದ ಬಿಸಿಲು ಅಡ್ಡಡ್ಡ ನುಗ್ಗಿ ಗುಡ್ಡದ ಮೈಯ ಒಂದೊಂದೇ ಮಡಿಕೆಯನ್ನು ದೀಪದ ಹಾಗೆ ಹಚ್ಚುತ್ತ ನಡೆಯಿತು. ಕೆರೆ ಮಾತ್ರ ಕಪ್ಪಗೇ ಉಳಿಯಿತು. ಮೂವತ್ತೈದು ವರ್ಷದಲ್ಲಿ ಇಂಥ ಬೆಳಕನ್ನು ರೀಲಪ್ಪ ಒಂದೇ ಒಂದು ಸಲ ನೋಡಿದ್ದ. ಭಾನುವಾರಕ್ಕೆ ಮೂರು ಅನ್ನುವ ಲೆಕ್ಕ ಗಾಳಿಗೆ ಹೋಯಿತು. ಒತ್ತಿದ, ಸುತ್ತಿದ, ಒತ್ತಿದ, ಸುತ್ತಿದ. ಪಕ್ಕದಲ್ಲಿ ಬೀಗರು ಬಾಯಿ ತೆರೆದುಕೊಂಡು ಸುಮ್ಮನೆ ನೋಡುತ್ತಿದ್ದರು.

ಒಂದು ರೀಲಿಗೆ ಮೂವತ್ತಾರು ಫೋಟೋ. ಎಣಿಕೆಯ ಮುಳ್ಳು ಮೂವತ್ತಾರಕ್ಕೆ ಬಂತು. ಇನ್ನೊಂದು ಸಿಕ್ಕರೂ ಸಿಕ್ಕೀತು ಅಂತ ಸುತ್ತಿದ, ಸಿಕ್ಕಿತು. ಮೂವತ್ತೇಳು. ಕೆಲವು ರೀಲಿನಲ್ಲಿ ಹಾಗೆ ಒಂದು ಹೆಚ್ಚಿಗೆ ಬರುವುದುಂಟು, ಅವನಿಗೆ ಖುಷಿಯಾಯಿತು. ಮೂವತ್ತೆಂಟೂ ಬಂತು, ಖುಷಿ ಸ್ವಲ್ಪ ಕಡಿಮೆಯಾಯಿತು. ಮೂವತ್ತೊಂಬತ್ತನೆಯದೂ ಸಲೀಸಾಗಿ ಸುತ್ತಿಕೊಂಡಾಗ ಖುಷಿ ಪೂರ್ತಿ ಹೋಯಿತು. ರೀಲನ್ನು ಡಬ್ಬಿಗೆ ವಾಪಸು ಸುತ್ತುವ ಹಿಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿದ. ಒಂದಿಷ್ಟೂ ಎಳೆತವಿಲ್ಲ. ನಾಲಿಗೆ ಸೀಳಿಗೆ ಸಿಕ್ಕಿಯೇ ಇರಲಿಲ್ಲ. ರೀಲು ಡಬ್ಬಿಯೊಳಗೆ ಹೊದ್ದು ಮಲಗಿತ್ತು, ಇವನು ಇಷ್ಟು ಹೊತ್ತು ಬರೀ ಗಾಳಿಯ ಫೋಟೋ ತೆಗೆದಿದ್ದ.

ಗುಡ್ಡದ ಕಡೆ ತಿರುಗಿದ. ಮೋಡ ಮುಚ್ಚಿಕೊಂಡಿತ್ತು.

ಬೀಗರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಾಡುತ್ತಿತ್ತು. "ಬೀಗರೇ, ನನ್ನ ಹಣೇಲಿ ಬರೆದಿರ್ಲಿಲ್ಲ, ಹೋಗ್ಲಿ. ನಿಮಗಾದ್ರೂ ಸಿಕ್ತಲ್ಲ. ಇಂಥದ್ದು ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಸಿಕ್ತು ತಾನೇ?"

ಆಗಲೇ ಹೇಳಿಬಿಡಬೇಕಿತ್ತು. ಆದರೆ ಪಾಠ ಒಪ್ಪಿಸಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. "ಸಿಕ್ತು" ಎಂದ ರೀಲಪ್ಪ.

ಅಲ್ಲಿಗೆ ಬೀಗರು ಸುಮ್ಮನಿರಬಹುದಿತ್ತು, ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನಿಗೆ ಹೇಳಿದರು. ಮನೆಯಲ್ಲಿ ಸೊಸೆಗೆ, ಮಗನಿಗೆ, ಹಾಲಿನವನಿಗೆ ಹೇಳಿದರು. "ನಂದೇನಿಲ್ಲಮ್ಮ, ನಿಮ್ಮಪ್ಪಂದು ನೋಡ್ಬೇಕು, ನಿಮ್ಮಪ್ಪಂದು!" ಎಂದು ಅವರು ಹೊಗಳುವುದು, ಮಗಳು ಫೋನ್ ಮಾಡಿದಾಗ ಅವಳ ಹಿಂದಿನಿಂದ ಕೇಳಿಸಿ ರೀಲಪ್ಪನ ಕಿವಿ ಬಿಸಿಯಾಗುತ್ತಿತ್ತು. ಜೀವಮಾನದಲ್ಲಿ ಅವನ ಫೋಟೋವನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಹೊಗಳಿಸಿಕೊಂಡ ಫೋಟೋ ಮಾತ್ರ ಈ ಭೂಮಿಯ ಮೇಲಿರಲಿಲ್ಲ.

ಮೂರು ದಿನ ಒದ್ದಾಡಿದ. ನಾಲ್ಕನೆಯ ದಿನ ಅಟ್ಟದಿಂದ ನೆಗೆಟಿವ್ ಪೆಟ್ಟಿಗೆ ಇಳಿಸಿದ. ಅವನ ಶಿಸ್ತು ದೊಡ್ಡದು. ಪ್ರತಿ ನೆಗೆಟಿವಿನ ಕಾಗದದ ಲಕೋಟೆಯ ಮೇಲೆ ತಾರೀಕು, ಗಂಟೆ, ಬೆಳಕಿನ ಅಳತೆ ಎಲ್ಲ ಬರೆದಿರುತ್ತಿತ್ತು. ಪೆಟ್ಟಿಗೆಯ ತಳದಲ್ಲಿದ್ದ ಒಂದು ಲಕೋಟೆಯ ಮೇಲೆ ಮಾತ್ರ ಗಂಟೆ ಇತ್ತು, ತಾರೀಕಿನ ಜಾಗ ಖಾಲಿ. ಅದರೊಳಗಿದ್ದದ್ದು ಅವನು ಅಂಥ ಬೆಳಕು ಕಂಡ ಇನ್ನೊಂದು ಬೆಳಗ್ಗೆ. ಇದುವರೆಗೆ ಅದಕ್ಕೆ ಒಂದೇ ಒಂದು ಪ್ರಿಂಟ್ ಹಾಕಿರಲಿಲ್ಲ, ಯಾರಿಗೂ ತೋರಿಸಿರಲಿಲ್ಲ. ತೋರಿಸಿದರೆ ಯಾವತ್ತಿನದು ಅಂತ ಕೇಳುತ್ತಾರೆ. ಅದು ಮಗಳು ಹುಟ್ಟಿದ ದಿನ.

ಆವತ್ತು ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಇನ್ನೂ ಎರಡು ದಿನ ಇದೆ ಎಂದು ಡಾಕ್ಟರು ಹೇಳಿದ್ದರು. ಬೆಳಗಿನ ಜಾವ ಕಿಟಕಿಯಲ್ಲಿ ಮೋಡ ನೋಡಿದ ರೀಲಪ್ಪ, ಒಂದು ಗಂಟೆಯಲ್ಲಿ ಬಂದುಬಿಡೋಣ ಅಂತ ಕಂಬಿ ಕಿತ್ತ. ಆಸ್ಪತ್ರೆಗೆ ವಾಪಸು ಬಂದಾಗ ಒಂಬತ್ತೂವರೆ. ಮಗಳು ಆಗಲೇ ಹುಟ್ಟಿ, ಅತ್ತು, ಮಲಗಿಯೂ ಆಗಿತ್ತು. ಮನೆಗೆ ಹೋಗಿದ್ದೆ, ಬರುವಾಗ ಬಸ್ಸು ಕೆಟ್ಟಿತು ಎಂದು ಅವನು ಹೇಳಿದ. ಊರೆಲ್ಲ ರೀಲು ಬಿಟ್ಟವನು ಆವತ್ತಿನದೊಂದನ್ನು ಮಾತ್ರ ಮತ್ತೆ ಯಾರ ಮುಂದೆಯೂ ಹೇಳಲಿಲ್ಲ.

ಬಚ್ಚಲು ಕತ್ತಲು ಮಾಡಿ, ಕೆಂಪು ದೀಪದ ಕೆಳಗೆ ದೊಡ್ಡ ಪ್ರಿಂಟ್ ಹಾಕಿದ. ಟ್ರೇಯ ನೀರಿನಲ್ಲಿ ಗುಡ್ಡ ಮೂಡಿ ಬಂದಾಗ ಅವನು ನೋಡುತ್ತಲೇ ನಿಂತ. ಅಷ್ಟು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತಪ್ಪಾಯಿತು, ಅವನು ಇನ್ನೇನನ್ನೂ ಗಮನಿಸಲಿಲ್ಲ.

ಶನಿವಾರ ಸಂಜೆ ಎಲ್ಲರೂ ಮಗಳ ಮನೆಯಲ್ಲಿ ಸೇರಿದರು. ಗೋಡೆಗೆ ಮೊದಲೇ ಮೊಳೆ ಹೊಡೆದಿತ್ತು. ಎರಡು ಫೋಟೋಗಳನ್ನೂ ಕೆಳಗೆ ಗೋಡೆಗೆ ಒರಗಿಸಿದರು. ಬೀಗರದ್ದು ಬಿಸಿಲು ಬೀಳುವ ಮುಂಚಿನ ಬೂದು ಗುಡ್ಡ, ಮುಂದೆ ಒಂದು ಕೊಕ್ಕರೆ. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ರೀಲಪ್ಪನದರ ಮುಂದೆ ಮಾತ್ರ ಎಲ್ಲರೂ ಬಗ್ಗಿ ನಿಂತರು. ಮಗಳು ಮಂಡಿಯೂರಿ ಕೂತು ನೋಡುತ್ತಲೇ ಇದ್ದಳು.

"ಮಾವ, ನಿಮ್ಮ ಫೋಟೋದಲ್ಲಿ ಟವರ್ ಕಾಣ್ತಾನೇ ಇಲ್ವಲ್ಲ?" ಎಂದ ಅಳಿಯ.

ರೀಲಪ್ಪ ನೋಡಿದ. ಬೀಗರ ಗುಡ್ಡದ ಮೇಲೆ ಟವರ್ ಕಂಬದಂತೆ ನಿಂತಿತ್ತು. ಅಳಿಸುತ್ತೇನೆ ಎಂದಿದ್ದವರು ಇವನ ಪಾಠ ಕೇಳಿ ಹಾಗೇ ಬಿಟ್ಟಿದ್ದರು. ಇವನ ಗುಡ್ಡದ ನೆತ್ತಿ ಬೋಳು. ಆ ಟವರನ್ನು ಲೆಕ್ಕಕ್ಕಿಲ್ಲ ಅಂತ ಆರು ವರ್ಷ ನೋಡಿ ನೋಡಿ, ಪ್ರಿಂಟ್ ಹಾಕುವಾಗ ಅದು ಇರಬೇಕಿತ್ತು ಅನ್ನುವುದೇ ಅವನಿಗೆ ನೆನಪಾಗಿರಲಿಲ್ಲ.

ಬೀಗರು ಎರಡೂ ಫೋಟೋಗಳನ್ನು ಒಮ್ಮೆ ನೋಡಿದರು, ರೀಲಪ್ಪನ ಮುಖವನ್ನು ಒಮ್ಮೆ ನೋಡಿದರು. "ಮೋಡ ಕಣೋ!" ಎಂದು ಮಗನ ಮೇಲೆ ರೇಗಿದರು. "ಟವರ್ ಮೇಲೆ ಸರಿಯಾಗಿ ಒಂದು ಮೋಡ ಬಂದು ಕೂತಿತ್ತು. ನಾನೇ ಪಕ್ಕದಲ್ಲಿದ್ದೆ, ಈ ಕಣ್ಣಲ್ಲೇ ನೋಡಿದೆ. ಇಷ್ಟು ದೊಡ್ಡ ಮೋಡ!" ಎರಡೂ ಕೈ ಚಾಚಿ ತೋರಿಸಿದರು.

ಫೋಟೋದಲ್ಲಿ ಗುಡ್ಡದ ನೆತ್ತಿಯ ಹತ್ತಿರ ಮೋಡದ ತುಣುಕೂ ಇರಲಿಲ್ಲ. ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಜನರ ಸುಳ್ಳು ಅರ್ಜಿಗಳನ್ನು ಹಿಡಿದುಹಾಕಿದ್ದ ಮನುಷ್ಯ, ಇವನ ಮಾನ ಉಳಿಸಲು ಮಗ ಸೊಸೆಯ ಮುಂದೆ ಇಷ್ಟು ಕೆಟ್ಟದಾಗಿ ಸುಳ್ಳು ಹೇಳುತ್ತಿರುವುದನ್ನು ನೋಡಿ ರೀಲಪ್ಪನಿಗೆ ತಡೆಯಲಾಗಲಿಲ್ಲ.

"ಸಾಕು ಬೀಗರೇ, ನಿಮಗೆ ರೀಲು ಬಿಡೋಕೆ ಬರಲ್ಲ" ಎಂದ. ಮಗಳ ಕಡೆ ತಿರುಗಿ, "ಇದು ಆವತ್ತಿಂದಲ್ಲಮ್ಮ. ಆವತ್ತು ರೀಲು ಸಿಕ್ಕೇ ಇರ್ಲಿಲ್ಲ. ಜಂಬ ಮಾಡೋಕೆ ಹೋಗಿ ನೋಡದೇ ಹಾಕಿದೆ. ಮೂವತ್ತೊಂಬತ್ತು ಸಲ ಒತ್ತಿದೀನಿ, ಒಂದೂ ಇಲ್ಲ. ಇದು ಹಳೇದು" ಎಂದ.

ಅಳಿಯ ನಗು ತಡೆಯಲು ಅಡುಗೆಮನೆಗೆ ಹೋದ. ಮಗಳು ನಗಲಿಲ್ಲ. "ಹಳೇದು ಅಂದ್ರೆ ಯಾವಾಗಿಂದು? ಮಾವನ ಫೋಟೋ ಆಗಿದ್ರೆ ಕಂಪ್ಯೂಟರನ್ನ ಕೇಳಿದ್ರೆ ಸಾಕಿತ್ತು, ತಾರೀಕು ಅದೇ ಹೇಳ್ತಿತ್ತು. ಇದಕ್ಕೆ ನಿನ್ನನ್ನೇ ಕೇಳ್ಬೇಕು. ಹೇಳು."

ಇಲ್ಲಿ ಅವನು ಏನು ಬೇಕಾದರೂ ಹೇಳಬಹುದಿತ್ತು. ಹತ್ತು ವರ್ಷದ ಹಿಂದಿನದು ಎಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಕುರ್ಚಿಯ ಮೇಲೆ ಕೂತು ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದಳು.

"ನೀನು ಹುಟ್ಟಿದ ದಿನದ್ದು" ಎಂದ ರೀಲಪ್ಪ. "ಬಸ್ಸು ಕೆಟ್ಟಿರ್ಲಿಲ್ಲ. ನಾನು ಅಲ್ಲಿದ್ದೆ."

ಹೆಂಡತಿ ಕನ್ನಡಕ ಹಾಕಿಕೊಂಡಳು. "ಗೊತ್ತು" ಎಂದಳು.

"ಗೊತ್ತಾ?"

"ಬಸ್ಸು ಕೆಟ್ಟು ನಿಂತೋರು ಸ್ಟ್ಯಾಂಡು ಹೊತ್ಕೊಂಡು ಬಾಣಂತಿ ವಾರ್ಡಿಗೆ ಬರ್ತಾರೇನ್ರೀ? ಅದರ ಮೂರು ಕಾಲಿಗೂ ಕೆರೆ ಕೆಸರು. ಎರಡು ನಿಮಿಷಕ್ಕೆ ನರ್ಸು ನಿಮ್ಮನ್ನ ಹೊರಗೆ ಹಾಕಿದ್ದು ಅದಕ್ಕೇ."

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವಾಗಿಯೇ ಯಾವತ್ತು ಹೇಳ್ತೀರಾ ನೋಡೋಣ ಅಂತ. ಇಪ್ಪತ್ತೊಂಬತ್ತು ವರ್ಷ ಆಯ್ತು."

ಮಗಳ ಮುಖ ಕೆಂಪಾಗಿತ್ತು. ಎದ್ದು ನಿಂತಳು. "ಅಮ್ಮ ಅಲ್ಲಿ ಒಬ್ಳೇ ಒದ್ದಾಡ್ತಿದ್ರೆ ನೀನು ಈ ಗುಡ್ಡದ ಮುಂದೆ ಮೋಡ ಕಾಯ್ತಾ ನಿಂತಿದ್ಯಾ ಅಪ್ಪ?" ಎಂದಳು. ರೀಲಪ್ಪ ಹೌದು ಎಂದ. ಗೋಡೆ ಕೈತಪ್ಪಿತು ಅನ್ನುವುದು ಗೊತ್ತಾಯಿತು. ಗೋಡೆಯ ಜೊತೆ ಇನ್ನೂ ಏನೇನು ಹೋಯಿತೋ ಅನ್ನುವುದು ಗೊತ್ತಾಗಲಿಲ್ಲ.

ಮಗಳು ಫೋಟೋ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದಳು. ಬೆನ್ನು ಮಾಡಿಯೇ ಕೇಳಿದಳು.

"ಎಷ್ಟು ಗಂಟೆಗೆ ತೆಗ್ದಿದ್ದು?"

"ಏಳೂ ಇಪ್ಪತ್ತು. ಲಕೋಟೆ ಮೇಲೆ ಬರೆದಿದೆ."

"ಅಮ್ಮ, ನಾನು ಹುಟ್ಟಿದ್ದು?"

"ಏಳೂ ಹತ್ತು. ನರ್ಸು ಗಡಿಯಾರ ನೋಡಿ ಜೋರಾಗಿ ಹೇಳಿದ್ಲು, ಈಗ್ಲೂ ಕಿವೀಲಿದೆ."

ಲೆಕ್ಕದ ಟೀಚರಿಗೆ ಇದು ದೊಡ್ಡ ಲೆಕ್ಕವಲ್ಲ. ಆದರೂ ಅವಳು ತುಟಿಯಲ್ಲೇ ಇನ್ನೊಮ್ಮೆ ಎಣಿಸಿ ನೋಡಿದಳು.

"ಹಾಗಾದ್ರೆ ಇದ್ರಲ್ಲಿ ನಂಗೆ ಹತ್ತು ನಿಮಿಷ ವಯಸ್ಸು" ಎಂದಳು.

ಆಮೇಲೆ ಮೂಗು ಒರೆಸಿಕೊಂಡು, ಅದೇ ಫೋಟೋ ಹಿಡಿದು ಗೋಡೆಯ ಹತ್ತಿರ ಬಂದಳು. "ಮಾವ, ಈ ಮೂಲೆ ಹಿಡ್ಕೊಳ್ಳಿ. ಅಮ್ಮ, ನೇರ ಇದೆಯಾ ನೋಡು. ಅಪ್ಪ, ನೀನು ಅಲ್ಲೇ ನಿಂತ್ಕೋ, ಮುಟ್ಬೇಡ, ನಂಗಿನ್ನೂ ಕೋಪ ಇದೆ."

ರೀಲಪ್ಪ ಮುಟ್ಟಲಿಲ್ಲ. ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು, ಅವಳು ಹೇಳಿದ ಜಾಗದಲ್ಲೇ ನಿಂತುಕೊಂಡ.